ಪೈಪ್ ತಂಬಾಕಿನ ಮಿಶ್ರಣ ಪರೀಕ್ಷೆ: ಮೂಗು ಮೊದಲು, ಬೆಂಕಿ ಆಮೇಲೆ

ಕಾರವಾರದಲ್ಲಿ ಪೈಪ್ ಸೇದುವವರು ಕಡಿಮೆ. ಆದರೆ ಇಲ್ಲವೇ ಇಲ್ಲ ಅಂತಲ್ಲ. ಹಡಗಿನಲ್ಲಿ ದುಡಿದು ನಿವೃತ್ತರಾದವರು, ಗಲ್ಫ್‌ನಿಂದ ರಜೆಗೆ ಬರುವವರು ಒಂದೆರಡು ಡಬ್ಬಿ ತರುತ್ತಾರೆ. ಮುಚ್ಚಳ ತೆಗೆದ ಕೂಡಲೇ ವೆನಿಲಾ, ಚೆರ್ರಿ, ರಮ್ ಪರಿಮಳ ಜಗಲಿ ತುಂಬುತ್ತದೆ. ‘ಆಹಾ, ಮಾಲು ಅಂದ್ರೆ ಇದು’ ಎಂದು ಅಲ್ಲೇ ತೀರ್ಪು ಬಂದುಬಿಡುತ್ತದೆ. ಅವಸರ ಬೇಡ. ಆ ಘಮ ಬಹುಪಾಲು ಎಲೆಯದ್ದಲ್ಲ. ಎಲ್ಲ ಕೆಲಸ ಮುಗಿದ ಮೇಲೆ ಎಲೆಗೆ ಸಿಂಪಡಿಸಿದ್ದು. ಬೆಂಕಿ ಬಿದ್ದ ಸ್ವಲ್ಪ ಹೊತ್ತಿಗೆಲ್ಲ ಅದರ ಆಟ ಮುಗಿಯುತ್ತದೆ. ಆಮೇಲೆ ಬೌಲ್‌ನ, ಅಂದರೆ ಪೈಪಿನಲ್ಲಿ ತಂಬಾಕು ತುಂಬುವ ಬಟ್ಟಲಿನ, ತಳದವರೆಗೆ ಉಳಿಯುವುದು ಬರೀ ಎಲೆಗಳ ಮಿಶ್ರಣ. ನಾವು ಅಳೆಯಬೇಕಾದದ್ದು ಅದನ್ನು.

ಶುರುವಿಗೆ ಮೊದಲು ಒಂದು ಮಾತು ನೇರವಾಗಿ. ಈ ಲೇಖನ ಈಗಾಗಲೇ ಪೈಪ್ ಸೇದುವ ವಯಸ್ಕರಿಗೆ. ಸೇದದವರು ಇದನ್ನು ಓದಿ ಶುರು ಮಾಡಬೇಕಾಗಿಲ್ಲ. ಪೈಪ್ ಹೊಗೆಯನ್ನು ಎದೆಗೆ ಎಳೆಯುವುದಿಲ್ಲ ಎಂಬ ಕಾರಣಕ್ಕೆ ಅದು ನಿರಪಾಯ ಅಂದುಕೊಳ್ಳುವವರಿದ್ದಾರೆ. ಹಾಗಲ್ಲ. ಬಾಯಿ, ತುಟಿ, ಗಂಟಲಿನ ಕ್ಯಾನ್ಸರ್ ಅಪಾಯ ಇದ್ದೇ ಇದೆ. ನಿಕೊಟಿನ್ ಬಾಯಿಯ ಒಳಚರ್ಮದಿಂದಲೇ ರಕ್ತಕ್ಕೆ ಸೇರುತ್ತದೆ, ಚಟವೂ ಅಂಟುತ್ತದೆ. ಸಾರ್ವಜನಿಕ ಸ್ಥಳದಲ್ಲಿ ಧೂಮಪಾನಕ್ಕೆ 2008ರ ಅಕ್ಟೋಬರ್ 2ರಿಂದ ದೇಶದಾದ್ಯಂತ ನಿಷೇಧವಿದೆ. ಕರ್ನಾಟಕದಲ್ಲಿ ಈಗ 21 ವರ್ಷದೊಳಗಿನವರಿಗೆ ತಂಬಾಕು ಮಾರುವಂತಿಲ್ಲ. ಬ್ರ್ಯಾಂಡುಗಳ ಹೆಸರನ್ನೂ ಇಲ್ಲಿ ಹೇಳುವುದಿಲ್ಲ. ಪರೀಕ್ಷೆ ಕಲಿಯಲು ಅದರ ಅಗತ್ಯವೂ ಇಲ್ಲ.

ಖುಷಿಯ ವಿಷಯ ಅಂದ್ರೆ, ಅರ್ಧಕ್ಕರ್ಧ ಪರೀಕ್ಷೆ ಬೆಂಕಿ ಹಚ್ಚುವ ಮೊದಲೇ ಮುಗಿಯುತ್ತದೆ.

ಹಂತ 1: ಬಿಳಿ ಕಾಗದದ ಮೇಲೆ ಹರಡಿ

ಒಂದು ಹಿಡಿ ತಂಬಾಕನ್ನು ಬಿಳಿ ಕಾಗದದ ಮೇಲೆ ಹರಡಿ. ಕಿಟಕಿ ಪಕ್ಕ, ಹಗಲು ಬೆಳಕಿನಲ್ಲಿ. ಟ್ಯೂಬ್‌ಲೈಟಿನಲ್ಲಿ ಬಣ್ಣ ಮೋಸ ಮಾಡುತ್ತದೆ. ಡಬ್ಬಿಯ ಮೇಲಿನ ವಿವರಣೆಯನ್ನು ಸದ್ಯಕ್ಕೆ ಓದಬೇಡಿ. ‘ಅಂಜೂರ, ಪ್ಲಮ್’ ಅಂತ ಓದಿದ ಮೇಲೆ ಮೂಗು ಅದನ್ನೇ ಹುಡುಕುತ್ತದೆ, ಇಲ್ಲದಿದ್ದರೂ ಸಿಕ್ಕಿತು ಅನ್ನುತ್ತದೆ.

ಮೊದಲು ಬಣ್ಣ ಬೇರೆ ಮಾಡಿ. ಹಳದಿ, ಕಿತ್ತಳೆ, ಕೆಂಪು ಎಳೆಗಳು ಬಹುತೇಕ ವರ್ಜೀನಿಯಾ. ಇದು ನಮಗೆ ಪರಕೀಯ ಎಲೆಯೇನಲ್ಲ. ಹುಣಸೂರು, ಪಿರಿಯಾಪಟ್ಟಣದ ಕಡೆ ಬೆಳೆದು ಬ್ಯಾರನ್ ಎಂಬ ಒಣಗಿಸುವ ಮನೆಗಳಲ್ಲಿ ಹದ ಮಾಡುವುದು ಇದನ್ನೇ. ಕೊಳವೆಯಲ್ಲಿ ಬಿಸಿ ಹರಿಸಿ, ಸುಮಾರು 35 ಡಿಗ್ರಿಯಿಂದ ಶುರು ಮಾಡಿ 70 ಡಿಗ್ರಿ ಸೆಲ್ಸಿಯಸ್‌ವರೆಗೆ ನಿಧಾನಕ್ಕೆ ಏರಿಸುತ್ತಾರೆ. ಒಂದು ವಾರದ ಆಸುಪಾಸಿನ ಕೆಲಸ. ಮೊದಲ ಹಂತದಲ್ಲಿ ಎಲೆಯ ಪಿಷ್ಟ ಸಕ್ಕರೆಯಾಗುತ್ತದೆ, ಆಮೇಲಿನ ಬಿಸಿ ಆ ಸಕ್ಕರೆಯನ್ನು ಹಾಗೇ ಹಿಡಿದಿಡುತ್ತದೆ. ಅದಕ್ಕೇ ವರ್ಜೀನಿಯಾ ಸಿಹಿ. ನಾಲಿಗೆ ಕಚ್ಚುವುದಕ್ಕೂ ಅದೇ ಮುಂದು.

ಮಾಸಲು ಕಂದು ಬಣ್ಣದ, ಹಗುರ, ಒರಟು ಎಳೆ ಇದ್ದರೆ ಬರ್ಲಿ. ಇದು ನೆರಳಿನ ಗಾಳಿಯಲ್ಲಿ ಒಣಗಿದ್ದು. ಸಕ್ಕರೆ ಇಲ್ಲವೆನ್ನುವಷ್ಟು ಕಡಿಮೆ, ನಿಕೊಟಿನ್ ಸಾಮಾನ್ಯವಾಗಿ ಜಾಸ್ತಿ. ಸುವಾಸನೆಯನ್ನು ಹೀರಿಕೊಳ್ಳುವ ಗುಣ ಇರುವುದರಿಂದ ಪರಿಮಳದ ತಂಬಾಕುಗಳಿಗೆ ಇದನ್ನೇ ತಳಪಾಯ ಮಾಡುತ್ತಾರೆ. ಚಿಕ್ಕಚಿಕ್ಕ ಹಸಿರು-ಹಳದಿ ಚೂರುಗಳು ಟರ್ಕಿ, ಗ್ರೀಸ್ ಕಡೆಯ ಓರಿಯೆಂಟಲ್ ಎಲೆಯದ್ದಿರಬಹುದು. ಅವು ಬಿಸಿಲಲ್ಲಿ ಒಣಗಿದವು.

ಕಪ್ಪು ಎಳೆ ಕಂಡರೆ ಎಚ್ಚರ. ಮೂರು ಬೇರೆ ಬೇರೆ ವಸ್ತುಗಳು ಕಪ್ಪಾಗಿಯೇ ಕಾಣುತ್ತವೆ. ಒಂದು ಲಟಾಕಿಯಾ: ಸಿರಿಯಾದ ಬಂದರು ಪಟ್ಟಣದ ಹೆಸರು ಹೊತ್ತ, ಸೈಪ್ರಸ್‌ನಲ್ಲೂ ಮಾಡುವ, ಕಟ್ಟಿಗೆ ಹೊಗೆಯಲ್ಲಿ ಇಟ್ಟು ಹದ ಮಾಡಿದ ಎಲೆ. ಎರಡನೆಯದು ಬ್ಲ್ಯಾಕ್ ಕ್ಯಾವೆಂಡಿಶ್. ಇದು ಎಲೆಯ ಜಾತಿಯಲ್ಲ, ಹಬೆ ಮತ್ತು ಒತ್ತಡ ಕೊಟ್ಟು, ಹೆಚ್ಚಾಗಿ ಸಿಹಿಯನ್ನೂ ಉಣಿಸಿ ಕಪ್ಪು ಮಾಡುವ ವಿಧಾನ. ಮೂರನೆಯದು ಪೆರೀಕ್, ಅಮೆರಿಕದ ಲೂಸಿಯಾನಾ ರಾಜ್ಯದ ಸೇಂಟ್ ಜೇಮ್ಸ್ ಎಂಬ ಪುಟ್ಟ ಪ್ರದೇಶದ್ದು. ಎಲೆಯನ್ನು ಓಕ್ ಪೀಪಾಯಿಗೆ ತುಂಬಿ, ಮೇಲಿನಿಂದ ಬಿಗಿದು, ತನ್ನದೇ ರಸದಲ್ಲಿ ತಿಂಗಳುಗಟ್ಟಲೆ ಹುದುಗಲು ಬಿಡುತ್ತಾರೆ. ಮಿಶ್ರಣದಲ್ಲಿ ಇದು ಒಗ್ಗರಣೆಯಷ್ಟೇ, ಜಾಸ್ತಿಯಾದರೆ ಉಳಿದದ್ದೆಲ್ಲ ಮುಳುಗಿಹೋಗುತ್ತದೆ.

ಬಣ್ಣದಿಂದ ಗೊತ್ತಾಗದ್ದು ಮೂಗಿಗೆ ಗೊತ್ತಾಗುತ್ತದೆ. ಕಪ್ಪು ಎಳೆಗಳನ್ನು ಬೇರೆ ಹೆಕ್ಕಿ, ಬೆರಳಲ್ಲಿ ಉಜ್ಜಿ ಮೂಸಿ.

ಹಂತ 2: ನಮ್ಮೂರಿನ ವಾಸನೆಯಲ್ಲೇ ಬರೆಯಿರಿ

ಇದೇ ಇಡೀ ಕೆಲಸದ ಮುಖ್ಯ ಭಾಗ. ವಿದೇಶಿ ವಿಮರ್ಶೆಗಳಲ್ಲಿ ಬರುವ ಬ್ಲ್ಯಾಕ್‌ಬೆರಿ, ಕ್ಯಾಂಪ್‌ಫೈರ್, ಕ್ರಿಸ್‌ಮಸ್ ಕೇಕ್ ನಮ್ಮ ಮೂಗಿನ ನೆನಪಿನಲ್ಲಿಲ್ಲ. ಇಲ್ಲದ್ದನ್ನು ಎರವಲು ತಂದರೆ ಟಿಪ್ಪಣಿ ಚೆಂದ ಕಾಣುತ್ತದೆ, ಆದರೆ ಆರು ತಿಂಗಳ ನಂತರ ಓದಿದರೆ ನಿಮಗೇ ಏನೂ ತಿಳಿಯುವುದಿಲ್ಲ.

ಶಿರಸಿ, ಸಿದ್ದಾಪುರದ ಕಡೆ ಮಳೆಗಾಲದಲ್ಲಿ ಉಪ್ಪಾಗೆ ಎಂಬ ಹುಳಿ ಹಣ್ಣಿನ ಸಿಪ್ಪೆಯನ್ನು ಒಲೆಯ ಮೇಲಿನ ತಟ್ಟಿಯಲ್ಲಿ ಒಣಗಿಸುತ್ತಾರಲ್ಲ, ಆ ಹುಳಿ ಸೇರಿದ ಹೊಗೆ ವಾಸನೆಗೆ ಲಟಾಕಿಯಾ ಬಹಳ ಹತ್ತಿರ. ಒಮ್ಮೆ ಹೀಗೆ ಗುರುತು ಹಾಕಿಕೊಂಡರೆ ಮತ್ತೆ ಮರೆಯುವುದಿಲ್ಲ. ಪೆರೀಕ್‌ಗೆ ಏಪ್ರಿಲ್‌ನಲ್ಲಿ ಗೇರುಮರದ ಬುಡದಲ್ಲಿ ಬಿದ್ದು ಹುಳಿಯಲು ಶುರುವಾದ ಹಣ್ಣಿನ ವಾಸನೆ, ಜೊತೆಗೆ ಕಾಳುಮೆಣಸಿನ ಚುರುಕು. ಬ್ಲ್ಯಾಕ್ ಕ್ಯಾವೆಂಡಿಶ್‌ಗೆ ಜೋನಿ ಬೆಲ್ಲ. ಅದರಲ್ಲೂ ಕೊಪ್ಪರಿಗೆಯ ತಳ ಕೊಂಚ ಹಿಡಿದ ಬೆಲ್ಲ. ತಿಳಿ ವರ್ಜೀನಿಯಾಕ್ಕೆ ಹೊಸ ಹುಲ್ಲು ಬಣವೆ, ಬರ್ಲಿಗೆ ಹುರಿದ ಗೇರುಬೀಜ ಅಥವಾ ಅಡಿಕೆ ತೋಟದ ಕೊಕ್ಕೊ ಬೀಜ ಒಣಗುವಾಗಿನ ಕಹಿ. ನಿಮ್ಮ ಮೂಗಿಗೆ ಬೇರೆಯೇ ಅನ್ನಿಸಬಹುದು. ಅನ್ನಿಸಿದ್ದನ್ನೇ ಬರೆಯಿರಿ.

ಮೂರು ಸಲ ಮೂಸಿದ ಮೇಲೆ ಮೂಗು ಮಂಕಾಗುತ್ತದೆ. ಸ್ವಲ್ಪ ಹೊತ್ತು ಅಂಗಳಕ್ಕೆ ಹೋಗಿ ಬನ್ನಿ.

ಹಂತ 3: ಕರಾವಳಿಯ ತೇವ

ಇಲ್ಲಿನ ಹವೆಯಲ್ಲಿ ತಂಬಾಕು ಕೆಡುವುದು, ತಪ್ಪು ತೀರ್ಪು ಬರುವುದು ಎರಡಕ್ಕೂ ತೇವವೇ ಕಾರಣ. ಜೂನ್‌ನಿಂದ ಸೆಪ್ಟೆಂಬರ್ ತನಕ ಕಾರವಾರದ ಕೋಡಿಬಾಗದಲ್ಲಿ ಬೆಂಕಿಪೆಟ್ಟಿಗೆಯೇ ಒದ್ದೆ, ಇನ್ನು ತಂಬಾಕಿನ ಪಾಡೇನು. ಸೇದಲು 12ರಿಂದ 15 ಶೇಕಡಾ ತೇವಾಂಶ ಹದ. ಡಬ್ಬಿಯಲ್ಲಿ ಬರುವುದು ಹಲವು ಸಲ ಅದಕ್ಕಿಂತ ಜಾಸ್ತಿ ಒದ್ದೆ. ಅಳೆಯಲು ಯಂತ್ರ ಬೇಡ. ಒಂದು ಚಿಟಿಕೆ ಒತ್ತಿ ಬಿಡಿ. ನಿಧಾನವಾಗಿ ಬಿಚ್ಚಿಕೊಂಡರೆ ಸರಿ. ಉಂಡೆಯಾಗಿಯೇ ಉಳಿದರೆ ಒದ್ದೆ. ಪುಡಿಯಾಗಿ ಚಟಪಟ ಅಂದರೆ ಒಣಗಿದ್ದು ಜಾಸ್ತಿ.

ಒದ್ದೆ ತಂಬಾಕು ಉರಿಯುವ ಬದಲು ಬೇಯುತ್ತದೆ. ಬರುವುದು ಹೊಗೆಗಿಂತ ಹೆಚ್ಚು ಬಿಸಿ ಹಬೆ. ನಾಲಿಗೆ ಸುಡುತ್ತದೆ, ಪೈಪ್ ಗುಳುಗುಳು ಅನ್ನುತ್ತದೆ, ಸೇದುವವರು ‘ಮಿಶ್ರಣ ಸರಿ ಇಲ್ಲ’ ಅಂತ ಬರೆದುಬಿಡುತ್ತಾರೆ. ಆದ್ದರಿಂದ ಸೇದುವಷ್ಟನ್ನು ಮಾತ್ರ ಕಾಗದದ ಮೇಲೆ ಹರಡಿ ಒಣಗಲು ಬಿಡಿ. ಬೇಸಗೆಯಲ್ಲಿ ಅರ್ಧ ಗಂಟೆ ಸಾಕು. ಮಳೆಗಾಲದಲ್ಲಿ ಟೇಬಲ್ ಲ್ಯಾಂಪಿನ ಕೆಳಗೆ ಇಡಿ. ಅಡುಗೆಮನೆಯ ಅಟ್ಟದಲ್ಲಿ ಮಾತ್ರ ಬೇಡ. ಅಲ್ಲಿ ಒಂದು ರಾತ್ರಿ ಇಟ್ಟರೆ ಎಲ್ಲ ತಂಬಾಕೂ ಲಟಾಕಿಯಾ ಆಗುತ್ತದೆ!

ಎಲೆಯ ಮೇಲೆ ಬಿಳಿ ಕಂಡರೆ ಗಾಬರಿ ಬೇಡ, ನಿರ್ಲಕ್ಷ್ಯವೂ ಬೇಡ. ಬೆಳಕಿಗೆ ಹಿಡಿದಾಗ ಮಿಣುಗುವ ಹರಳಿನಂತಿದ್ದರೆ ಹಳೆ ವರ್ಜೀನಿಯಾದಲ್ಲಿ ಅದು ಸಹಜ. ಹತ್ತಿಯ ಹಾಗೆ ನವಿರಾಗಿ ಹಬ್ಬಿ, ಮುಗ್ಗಲು ವಾಸನೆ ಬಂದರೆ ಬೂಸು. ಡಬ್ಬಿ ಸಮೇತ ಎಸೆಯಿರಿ, ಮೇಲಿನದ್ದು ತೆಗೆದು ಕೆಳಗಿನದ್ದು ಉಳಿಸುವ ಲೆಕ್ಕಾಚಾರ ಬೇಡ. ಡಬ್ಬಿ ತೆರೆದ ಮೇಲೆ ತಂಬಾಕನ್ನು ರಬ್ಬರ್ ಬಿಗಿಯ ಗಾಜಿನ ಜಾಡಿಗೆ ಹಾಕಿ. ಉಪ್ಪಿನಕಾಯಿ ಭರಣಿ ಎಷ್ಟು ತೊಳೆದರೂ ಆ ಕೆಲಸಕ್ಕೆ ಬರುವುದಿಲ್ಲ.

ಹಂತ 4: ನಾಲಿಗೆ, ಪೈಪ್, ಜಾಗ

ಕವಳ (ಎಲೆ ಅಡಿಕೆ) ಹಾಕಿದ ಬಾಯಲ್ಲಿ ಪರೀಕ್ಷೆ ಆಗದು. ಸುಣ್ಣ ನಾಲಿಗೆಯನ್ನು ಮೊದಲೇ ಕೆರೆದಿರುತ್ತದೆ. ಕವಳದಲ್ಲಿ ಹೊಗೆಸೊಪ್ಪೂ ಇದ್ದರೆ ನಿಕೊಟಿನ್ ಲೆಕ್ಕವೇ ತಪ್ಪುತ್ತದೆ. ತಿರಫಳ ಎಂಬ ಮಸಾಲೆ ಕಾಯಿ ಹಾಕಿದ ಬಾಂಗಡೆ ಸಾರು ಉಂಡು ಬಂದರೂ ಕಷ್ಟ. ಅದು ನಾಲಿಗೆಯನ್ನು ಜುಮ್ಮೆನಿಸಿ ಮರಗಟ್ಟಿಸುತ್ತದೆ, ಸ್ವಲ್ಪ ಹೊತ್ತು ಸಣ್ಣ ರುಚಿಗಳು ತಿಳಿಯುವುದಿಲ್ಲ. ಹಾಗಂತ ಖಾಲಿ ಹೊಟ್ಟೆಯಲ್ಲೂ ಬೇಡ, ತಲೆ ತಿರುಗುತ್ತದೆ. ಸಪ್ಪೆ ತಿಂಡಿ ತಿಂದು ಗಂಟೆ ಕಳೆದ ಮೇಲೆ ಸರಿಯಾದ ಹೊತ್ತು. ಪಕ್ಕದಲ್ಲಿ ನೀರು ಅಥವಾ ಹಾಲು-ಸಕ್ಕರೆ ಇಲ್ಲದ ಚಾ ಇರಲಿ.

ಪೈಪ್‌ಗೂ ನೆನಪಿರುತ್ತದೆ. ಬ್ರಯರ್ ಎಂಬ ಗಿಡದ ಬೇರಿನ ಪೈಪಿನಲ್ಲಿ ಹಿಂದೆ ಲಟಾಕಿಯಾ ಸೇದಿದ್ದರೆ ಇವತ್ತಿನ ವರ್ಜೀನಿಯಾದಲ್ಲೂ ಅದರ ನೆರಳು ಇರುತ್ತದೆ. ಪರೀಕ್ಷೆಗೆಂದೇ ಒಂದು ಜೋಳದ ದಿಂಡಿನ ಪೈಪ್ ಇಡುವುದು ಅಗ್ಗದ ದಾರಿ. ಟರ್ಕಿಯ ಎಸ್ಕಿಶೆಹಿರ್‌ನಲ್ಲಿ ಸಿಗುವ ಬಿಳಿ ಖನಿಜದಿಂದ ಕೆತ್ತುವ ಮೀರ್‌ಶಾಮ್ ಪೈಪ್ ಇನ್ನೂ ನಿಷ್ಪಕ್ಷಪಾತಿ, ಆದರೆ ಕೈ ಜಾರಿ ನೆಲಕ್ಕೆ ಬಿದ್ದರೆ ಕಥೆ ಮುಗಿಯಿತು.

ಜಾಗದ ವಿಷಯ ಚುಟುಕಾಗಿ: ಮಧ್ಯಾಹ್ನದ ಮೇಲೆ ಸಮುದ್ರದ ಗಾಳಿ ಬೀಸುತ್ತದೆ, ಗಾಳಿಗೆ ಕೆಂಡ ಕೆರಳುತ್ತದೆ, ತಂಬಾಕು ಬಿಸಿಯಾಗಿ ಉರಿದು ರುಚಿ ಕೆಡುತ್ತದೆ. ಬೆಳಗಿನ ಹೊತ್ತು, ಮನೆಯ ಹಿತ್ತಲು, ಮಕ್ಕಳು ಹತ್ತಿರ ಇಲ್ಲದ ಜಾಗ. ಬೀಚ್ ಬೇಡ.

ಹಂತ 5: ತುಂಬಿ, ಹಚ್ಚಿ

ಕೆಳಗೆ ಸಡಿಲ, ನಡುವೆ ಮಧ್ಯಮ, ಮೇಲೆ ಕೊಂಚ ಬಿಗಿ. ಬೆಂಕಿ ಹಚ್ಚದೆ ಒಮ್ಮೆ ಎಳೆದು ನೋಡಿ, ಸ್ವಲ್ಪವೇ ತಡೆ ಸಿಗಬೇಕು. ಫ್ಲೇಕ್ ಅಂದರೆ ಒತ್ತಿ ಪಟ್ಟಿ ಕೊಯ್ದ ತಂಬಾಕಾದರೆ ಮೊದಲು ಬೆರಳಲ್ಲಿ ಉದುರಿಸಿ.

ಬೆಂಕಿಕಡ್ಡಿಯ ಮದ್ದು ಪೂರ್ತಿ ಉರಿದು ಕಟ್ಟಿಗೆ ಹಿಡಿದ ಮೇಲೆ ಬೌಲ್‌ಗೆ ತನ್ನಿ, ಇಲ್ಲದಿದ್ದರೆ ಮೊದಲ ರುಚಿ ಗಂಧಕದ್ದು. ಮೊದಲ ಸಲ ಹಚ್ಚಿದಾಗ ಎಳೆಗಳು ಉಬ್ಬಿ ಮೇಲೇಳುತ್ತವೆ. ಟ್ಯಾಂಪರಿನಿಂದ (ತಂಬಾಕು ಒತ್ತುವ ಸಾಧನ) ಮೆಲ್ಲಗೆ ಒತ್ತಿ, ಮತ್ತೆ ಹಚ್ಚಿ. ನಿಜವಾದ ಶುರು ಆ ಎರಡನೇ ಸಲ. ಮಧ್ಯೆ ಆರಿದರೆ ನಾಚಿಕೆ ಪಡಬೇಡಿ, ಮತ್ತೆ ಹಚ್ಚಿದರಾಯಿತು.

ಹಂತ 6: ಮೂರು ಪಾಲು ಮಾಡಿ ಸೇದಿ

ಬೌಲ್ ಅನ್ನು ಮನಸ್ಸಿನಲ್ಲೇ ಮೂರು ಪಾಲು ಮಾಡಿಕೊಳ್ಳಿ. ಮೇಲಿನ ಪಾಲಿನಲ್ಲಿ ಸಿಂಪಡಿಸಿದ ಪರಿಮಳ ಮತ್ತು ಲಟಾಕಿಯಾದಂಥ ಗಟ್ಟಿ ದನಿಯ ಎಲೆಗಳೇ ಮಾತಾಡುತ್ತವೆ. ಒಂದು ಸಾಲು ಬರೆದು ಮುಂದೆ ಹೋಗಿ. ನಡುವಿನ ಪಾಲಿನಲ್ಲಿ ಕೂತು ಗಮನಿಸಬೇಕು. ಕಾಗದದ ಮೇಲೆ ಕಂಡ ಎಲೆಗಳೆಲ್ಲ ಇಲ್ಲಿ ಬಂದವೇ? ಹೊಗೆಯ ಹಿಂದೆ ವರ್ಜೀನಿಯಾದ ಸಿಹಿ ಇದೆಯೇ? ಬೆರಕೆ ಒಳ್ಳೆಯದಾಗಿದ್ದರೆ ಒಂದು ಎಳೆತಕ್ಕೆ ಸಿಹಿ, ಇನ್ನೊಂದಕ್ಕೆ ಹುಳಿ, ಹೀಗೆ ಸರದಿ ಬದಲಾಗುತ್ತಿರುತ್ತದೆ. ಕಳಪೆಯಾದರೆ ಒಂದೇ ರುಚಿ ಬೇಸರ ಬರುವವರೆಗೆ.

ನಾಲಿಗೆಗೆ ತಿಳಿಯುವುದು ಸಿಹಿ, ಹುಳಿ, ಉಪ್ಪು, ಕಹಿ, ಉಮಾಮಿ ಅಷ್ಟೇ. ಉಳಿದದ್ದೆಲ್ಲ ಮೂಗಿನ ಕೆಲಸ. ಪಳಗಿದವರು ಬಾಯಲ್ಲಿರುವ ಹೊಗೆಯ ಚೂರು ಭಾಗವನ್ನು ಎದೆಗೆ ಇಳಿಸದೆ ಮೂಗಿನಿಂದ ಬಿಡುವುದು ಇದಕ್ಕೇ. ಪೆರೀಕ್ ಇದ್ದರೆ ಮೂಗಿನಲ್ಲಿ ಮೆಣಸು ಸಿಡಿದ ಹಾಗಾಗುತ್ತದೆ. ಬೇರೆ ಸಾಕ್ಷಿ ಬೇಡ.

ನಿಕೊಟಿನ್ ಖಾರ ಬೇರೆ, ರುಚಿಯ ದಟ್ಟತನ ಬೇರೆ. ಲಟಾಕಿಯಾ ಮಿಶ್ರಣ ದಟ್ಟವಾಗಿದ್ದರೂ ನಿಕೊಟಿನ್ ಸಾಧಾರಣ ಇರಬಹುದು. ಸಪ್ಪೆ ಅನ್ನಿಸಿದ ಬರ್ಲಿ ಕೂತಲ್ಲಿಂದ ಏಳುವಾಗ ಬುದ್ಧಿ ಕಲಿಸಬಹುದು. ಬಿಕ್ಕಳಿಕೆ, ತಣ್ಣನೆ ಬೆವರು, ವಾಕರಿಕೆ ಬಂದರೆ ಪರೀಕ್ಷೆ ಅಲ್ಲಿಗೇ ನಿಲ್ಲಿಸಿ.

ತೀರ್ಪು ಕೊನೆಯ ಪಾಲಿನದ್ದು. ಸಿಹಿ ಲೇಪ ಸುರಿದು ಎಲೆಯ ದೋಷ ಮುಚ್ಚಿದ ಮಿಶ್ರಣ ಇಲ್ಲಿ ಸಿಕ್ಕಿಬೀಳುತ್ತದೆ: ಬೂದಿಯ ರುಚಿ, ಒಗರು, ಅಂಟು ನೀರು. ಒಳ್ಳೆಯ ಎಲೆ ಇಲ್ಲಿಗೆ ಬರುವಾಗ ಗಾಢವಾಗುತ್ತದೆ, ಕಹಿಯಾಗುವುದಿಲ್ಲ. ನಾಲಿಗೆ ಉರಿ ಇದ್ದರೆ ಕೂಡಲೇ ಮಿಶ್ರಣವನ್ನು ದೂರಬೇಡಿ. ಇನ್ನೊಂದು ದಿನ ಮತ್ತಷ್ಟು ಒಣಗಿಸಿ, ನಿಧಾನಕ್ಕೆ ಸೇದಿ ನೋಡಿ. ಆಗಲೂ ಕಚ್ಚಿದರೆ ತಪ್ಪು ಡಬ್ಬಿಯದ್ದು.

ಹಂತ 7: ಬರೆದಿಡುವುದು

ಅಂಕ ಕೊಡುವ ಪದ್ಧತಿ ನನಗೆ ಹಿಡಿಸುವುದಿಲ್ಲ. ಹತ್ತಕ್ಕೆ ಏಳು ಅಂದರೆ ಏನು ತಿಳಿಯಿತು? ದಿನಾಂಕ, ಹವೆ, ಎಷ್ಟು ಹೊತ್ತು ಒಣಗಿಸಿದ್ದು, ಯಾವ ಪೈಪ್, ಮೂರು ಪಾಲಿಗೆ ಮೂರು ಸಾಲು. ಇಷ್ಟು ಸಾಕು. ಸೇದಿದ ಜಾಗದಿಂದ ಕಾಲು ಗಂಟೆ ಹೊರಗೆ ಹೋಗಿ ಮರಳಿ ಬಂದರೆ ಬೇರೆಯವರಿಗೆ ಆ ವಾಸನೆ ಹೇಗಿರುತ್ತದೆ ಅನ್ನುವುದೂ ಗೊತ್ತಾಗುತ್ತದೆ. ಅದಕ್ಕೊಂದು ಸಾಲು. ಇಷ್ಟಾದ ಮೇಲೆ ಡಬ್ಬಿಯ ಹಿಂದಿನ ವಿವರಣೆ ಓದಿ, ನಿಮ್ಮದರ ಜೊತೆ ಹೊಂದಿಸಿ ನೋಡಿ. ಹೊಂದದಿದ್ದರೆ ನಿಮ್ಮ ಸಾಲು ಅಳಿಸಬೇಡಿ.

ಒಂದೇ ಸಲಕ್ಕೆ ತೀರ್ಮಾನ ಬೇಡ. ಪೈಪ್ ಪೂರ್ತಿ ಆರಿದ ಮೇಲೆ ಬೂದಿ ಕೊಡವಿ, ಕೊಳವೆಯೊಳಗೆ ಪೈಪ್ ಕ್ಲೀನರ್ ಹಾಯಿಸಿ, ಕನಿಷ್ಠ ಒಂದು ದಿನ ಒಣಗಲು ಬಿಡಿ. ಮಳೆಗಾಲವಾದರೆ ಎರಡು ದಿನ. ಅದೇ ಮಿಶ್ರಣದ ಒಂದಷ್ಟನ್ನು ಜಾಡಿಯಲ್ಲಿ ದಿನಾಂಕ ಬರೆದು ಮುಚ್ಚಿಟ್ಟು ಮುಂದಿನ ಬೇಸಗೆಯಲ್ಲಿ ಮತ್ತೆ ಮೂಸಿ. ವರ್ಜೀನಿಯಾ ಇನ್ನಷ್ಟು ಮಾಗಿರುತ್ತದೆ, ಲಟಾಕಿಯಾದ ಹೊಗೆ ಕೊಂಚ ತಗ್ಗಿರುತ್ತದೆ. ಸಿಂಪಡಿಸಿದ ಚೆರ್ರಿ ಎಷ್ಟು ಉಳಿದಿದೆ ಅಂತ ಆಗ ಬರೆದುಕೊಳ್ಳಿ.