ಹಾಸನದವರೆಗೆ ಒಂದು ನಾಯಿ

ಬೆಂಗಳೂರಿನ ಶೆಲ್ಟರ್‌ನಲ್ಲಿ ಒಂದು ನಾಟಿ ನಾಯಿ ಇದೆ. ಸಾಕುತ್ತೇವೆ ಅಂದವರು ಮಂಗಳೂರಿನಲ್ಲಿದ್ದಾರೆ. ನಡುವೆ ಸುಮಾರು 350 ಕಿಲೋಮೀಟರ್. ಶನಿವಾರ ನೀವು ಹೇಗೂ ಹಾಸನಕ್ಕೆ ಹೊರಟಿದ್ದೀರಿ. ಅಲ್ಲಿವರೆಗೆ ನೀವು, ಅಲ್ಲಿಂದ ಇನ್ನೊಬ್ಬರು. ಈ ಸೇವೆ ಅಂದರೆ ಇಷ್ಟೇ. ಕಾರು ಮತ್ತು ತಾಳ್ಮೆ ಇದ್ದರೆ ಸಾಕು.

ಮೊದಲು ಕಾಗದಪತ್ರ. ನಾಯಿ ಪ್ರಯಾಣ ಮಾಡುವಷ್ಟು ಗಟ್ಟಿಯಾಗಿದೆ, ಅಂಟುರೋಗ ಇಲ್ಲ ಅಂತ ಪಶುವೈದ್ಯರು ಕೊಟ್ಟ ಸರ್ಟಿಫಿಕೇಟ್ ಜೊತೆಗಿರಬೇಕು. 1978ರ ಪ್ರಾಣಿ ಸಾಗಣೆ ನಿಯಮ ಅದನ್ನು ಕೇಳುತ್ತದೆ. ಲಸಿಕೆ ಪುಸ್ತಕವನ್ನೂ ಇಸ್ಕೊಳ್ಳಿ. ಎಲ್ಲರ ಫೋನ್ ನಂಬರ್ ಒಂದು ಚೀಟಿಯಲ್ಲೂ ಬರೆದಿಡಿ. ಮೊಬೈಲ್ ಚಾರ್ಜ್ ಮುಗಿಯುವುದು ಇಂಥ ದಿನವೇ.

ಹೊರಡುವ ಮೂರ್ನಾಲ್ಕು ಗಂಟೆ ಮೊದಲೇ ಊಟ ಮುಗಿದಿರಲಿ. ಹೊಟ್ಟೆ ತುಂಬಿದ್ದರೆ ವಾಂತಿ ಗ್ಯಾರಂಟಿ. ಮುಂದೆ ಶಿರಾಡಿ ಘಾಟಿ ಹತ್ತಿಳಿಯುವವರ ಪಾಡಂತೂ ಕೇಳಬೇಡಿ. ನೀರು ಆಗಾಗ, ಸ್ವಲ್ಪ ಸ್ವಲ್ಪ. ಕ್ರೇಟ್‌ನಲ್ಲಿ (ಅಂದರೆ ನಾಯಿ ಸಾಗಿಸುವ ಪಂಜರದಲ್ಲಿ) ನಾಯಿ ಎದ್ದು ನಿಲ್ಲುವಂತಿರಬೇಕು, ತಿರುಗಿ ಮಲಗುವಂತಿರಬೇಕು. ತಳಕ್ಕೆ ಹಳೇ ಪೇಪರ್ (ಓದಿ ಮುಗಿಸಿದ ಈ ಪುರವಣಿಯೂ ಆದೀತು), ಮೇಲೊಂದು ಟವೆಲ್. ಬೆಳಗ್ಗೆ ಐದಕ್ಕೇ ಹೊರಡಿ. ಬಿಸಿಲೂ ಕಡಿಮೆ, ನೆಲಮಂಗಲದ ಟ್ರಾಫಿಕ್ಕೂ ಕಡಿಮೆ.

ಆದರೆ ನಾಯಿ ಕೈತಪ್ಪುವುದು ರಸ್ತೆಯಲ್ಲಲ್ಲ, ಕಾರಿನ ಬಾಗಿಲಲ್ಲಿ. ನನ್ನ ಎರಡನೇ ಟ್ರಿಪ್. ಆಗ ನನ್ನ ಹತ್ತಿರ ಕ್ರೇಟ್ ಇರಲಿಲ್ಲ. ಕಾಫಿಗೆ ನಿಲ್ಲಿಸಿದವನು, ಪಾಪ, ಉಚ್ಚೆ ಮಾಡಲಿ ಅಂತ ಬಾಗಿಲು ತೆಗೆದೆ. ನಾಯಿ ಮುಂದಕ್ಕೆ ಜಗ್ಗಲಿಲ್ಲ, ಹಿಂದಕ್ಕೆ ಸರಿಯಿತು. ಕಿವಿ ಮಡಚಿ ತಲೆ ತಗ್ಗಿಸಿತು, ಅಷ್ಟೇ. ಬೆಲ್ಟು ನನ್ನ ಕೈಯಲ್ಲಿ, ನಾಯಿ ಜೋಳದ ಹೊಲದಲ್ಲಿ! ಅಟ್ಟಿಸಿಕೊಂಡು ಹೋದಷ್ಟೂ ದೂರ ಓಡಿತು. ಎರಡು ಗಂಟೆ ಆದಮೇಲೆ ಸೋತು, ಬದುವಿನ ಮೇಲೆ ಅದಕ್ಕೆ ಬೆನ್ನು ಹಾಕಿ ಸುಮ್ನೆ ಕೂತೆ. ತಾನೇ ಬಂದು ಪಕ್ಕದಲ್ಲಿ ಮೂಸಿತು.

ಅವತ್ತಿನಿಂದ ಎರಡು ಹಗ್ಗ. ಒಂದು ಕೊರಳ ಬೆಲ್ಟಿಗೆ, ಇನ್ನೊಂದು ಎದೆಗೆ ಹಾಕುವ ಹಾರ್ನೆಸ್‌ಗೆ. ಬೆಲ್ಟಿನೊಳಗೆ ಎರಡು ಬೆರಳು ತೂರಬೇಕು, ಅದಕ್ಕಿಂತ ಸಡಿಲ ಬೇಡ. ಹಾಸನದಲ್ಲಿ ಮುಂದಿನವರು ತಮ್ಮ ಹಗ್ಗ ಕಟ್ಟಿ, ಅದರ ಕುಣಿಕೆಯನ್ನು ಮಣಿಕಟ್ಟಿಗೆ ಹಾಕಿಕೊಂಡ ಮೇಲೇ ನಿಮ್ಮದನ್ನು ಬಿಚ್ಚಿ. ಕ್ರೇಟ್ ಸಮೇತ ದಾಟಿಸಲು ಆದರೆ ಇನ್ನೂ ಒಳ್ಳೆಯದು.

ಲಸಿಕೆ ಪೂರ್ತಿಯಾಗದ ಮರಿಯನ್ನು ದಾರಿಯಲ್ಲಿ ನೆಲಕ್ಕೆ ಬಿಡಲೇಬೇಡಿ. ಮರಿಗಳ ಜೀವ ತೆಗೆಯುವ ಪಾರ್ವೊ ವೈರಸ್ ಮಣ್ಣಿನಲ್ಲಿ ತಿಂಗಳುಗಟ್ಟಲೆ ಬದುಕಿರುತ್ತದೆ. ನಿಮಗೇ ಹಲ್ಲು ತಾಗಿದರೆ 15 ನಿಮಿಷ ಸೋಪು ಹಚ್ಚಿ ಹರಿಯುವ ನೀರಲ್ಲಿ ತೊಳೆದು, ಅವತ್ತೇ ಆಸ್ಪತ್ರೆಗೆ ಹೋಗಿ. ಲಸಿಕೆ ಹಾಕಿದ ನಾಯಿ ಅಲ್ವಾ ಅಂತ ಸುಮ್ಮನಿರಬೇಡಿ.

ಆ ಟವೆಲ್ ನಾಯಿಯ ಜೊತೆಗೇ ಹೋಗಲಿ. ಎರಡು ದಿನ ತೊಳೆಯಬೇಡಿ ಅಂತ ಮಂಗಳೂರಿನವರಿಗೆ ಹೇಳಿಬಿಡಿ. ಹೊಸ ಮನೆಯ ಮೊದಲ ರಾತ್ರಿ ಅದಕ್ಕೆ ಗೊತ್ತಿರುವ ವಾಸನೆ ಅದೊಂದೇ.