ಡಾಲರ್ ಏರಿದ್ರೆ ಲಾರಿ ಬಾಡಿಗೆ ಎಷ್ಟು ಏರ್ಬೇಕು? ನೀವೇ ಲೆಕ್ಕ ಹಾಕಿ

"ಡಾಲರ್ ಜಾಸ್ತಿ ಆಗಿದೆ ಸಾರ್, ಲಾರಿ ಬಾಡಿಗೆ ಏರಿದೆ, ಅದಕ್ಕೇ ಈರುಳ್ಳಿ ತುಟ್ಟಿ" ಅಂತ ಅಂಗಡಿಯವ್ರು ಹೇಳಿದ್ರೆ ಸುಮ್ನೆ ತಲೆ ಆಡಿಸ್ಬೇಡಿ, ಮೊಬೈಲಲ್ಲಿ ಕ್ಯಾಲ್ಕುಲೇಟರ್ ತೆಗೀರಿ, ಐದು ನಿಮಿಷದ ಕೆಲ್ಸ.

ಮೊದ್ಲು ಕಚ್ಚಾ ತೈಲ, ಲಾರಿಗೆ ಹಾಕೋ ಡೀಸೆಲ್ ಆಗೋದು ಅದರಿಂದಾನೇ. ನಾವು ಬಳಸೋದ್ರಲ್ಲಿ 85 ಪರ್ಸೆಂಟ್‌ಗಿಂತ ಜಾಸ್ತಿ ಹೊರಗಿಂದ ಬರೋದು, ದುಡ್ಡು ಕೊಡೋದು ಹೆಚ್ಚುಕಮ್ಮಿ ಡಾಲರಲ್ಲೇ. ಒಂದು ಬ್ಯಾರೆಲ್ ಅಂದ್ರೆ 159 ಲೀಟರ್. ಬ್ಯಾರೆಲ್‌ಗೆ 70 ಡಾಲರ್ ಅಂತ ಇಟ್ಕೊಳ್ಳಿ, ಅದನ್ನ ಡಾಲರ್ ರೇಟಿಂದ ಗುಣಿಸಿ 159ರಿಂದ ಭಾಗಿಸಿ. ಡಾಲರ್ 85 ಇದ್ರೆ ಲೀಟರಿಗೆ 37.40, 90 ಆದ್ರೆ 39.60. ಅಂದ್ರೆ 2.20 ಜಾಸ್ತಿ.

ಇನ್ನು ಟ್ಯಾಕ್ಸು, ತುಂಬ ಜನ ಎಡವೋದು ಇಲ್ಲೇ. ಕೇಂದ್ರದ ಎಕ್ಸೈಸ್ ಲೀಟರಿಗೆ ಇಷ್ಟು ರೂಪಾಯಿ ಅಂತ ಇರೋದ್ರಿಂದ ಡಾಲರ್ ಏರಿದ್ರೂ ಅಲ್ಲಾಡಲ್ಲ, ಆದ್ರೆ ನಮ್ಮ ರಾಜ್ಯದ ಮಾರಾಟ ತೆರಿಗೆ ಪರ್ಸೆಂಟ್ ಲೆಕ್ಕ, ಡೀಸೆಲ್‌ಗೆ 2025ರ ಏಪ್ರಿಲಲ್ಲಿ 21.17 ಮಾಡಿದ್ರು, ಅದು ಸೇರಿದ್ರೆ 2.20 ಹೋಗಿ 2.67 ಆಗುತ್ತೆ.

ಈಗ ಗಾಡಿ. ಹುಬ್ಬಳ್ಳಿಯಿಂದ ಬೆಂಗಳೂರು ಸುಮಾರು 400 ಕಿಮೀ, ಲೋಡ್ ಗಾಡಿ ಲೀಟರಿಗೆ 4 ಕೊಡುತ್ತೆ ಅಂದ್ರೆ 100 ಲೀಟರ್, 267 ರೂಪಾಯಿ ಜಾಸ್ತಿ. ವಾಪಸ್ ಲೋಡ್ ಸಿಗ್ದೆ ಖಾಲಿ ಬಂದ್ರೂ ಡಬಲ್ ಅಂತಾನೇ ಹಿಡೀರಿ, 534. ಗಾಡೀಲಿ 10 ಟನ್ ಈರುಳ್ಳಿ ಇದ್ರೆ ಕೆಜಿಗೆ 5 ಪೈಸೆ ಚಿಲ್ರೆ! ಕೆಜಿಗೆ 5 ರೂಪಾಯಿ ಏರಿದೆ ಅಂದ್ರೆ ಮಳೆ ಕಡೆ ನೋಡಿ, ಇಲ್ಲಾ ದಲ್ಲಾಳಿ ಕಡೆ ನೋಡಿ. (ಅಂಗಡೀಲಿ ಮಾತ್ರ ಈ ಲೆಕ್ಕ ಒಪ್ಪಿಸ್ಬೇಡಿ, ನಾನು ಒಪ್ಪಿಸಿ ಬೈಸ್ಕೊಂಡಿದೀನಿ.)

ಹಂಗಂತ ಡಾಲರಿಂದ ಏನೂ ಆಗಲ್ಲ ಅಂತಲ್ಲ, ಅದು ಸುತ್ತು ದಾರೀಲಿ ಬರುತ್ತೆ. ಟೈರಿಗೆ ಬೇಕಾದ ಸಿಂಥೆಟಿಕ್ ರಬ್ಬರ್ ತೈಲದಿಂದಾನೇ ಆಗೋದು. ಟೋಲ್ ಪ್ರತಿ ಏಪ್ರಿಲ್‌ಗೆ 3 ಪರ್ಸೆಂಟ್ ಹೆಂಗೂ ಏರುತ್ತೆ, ಅದರ ಜೊತೆ ಸಗಟು ಬೆಲೆ ಎಷ್ಟು ಏರಿದ್ಯೋ ಅದ್ರಲ್ಲಿ 40 ಪರ್ಸೆಂಟ್ ಸೇರಿಸ್ತಾರೆ, ಹಿಂಗೆ ಈ ವರ್ಷದ ಡಾಲರ್ ಬಿಸಿ ಮುಂದಿನ ಏಪ್ರಿಲಲ್ಲಿ ಟೋಲ್ ಗೇಟಲ್ಲಿ ತಟ್ಟುತ್ತೆ. ಅಡುಗೆಮನೆಗಂತೂ ನೇರವಾಗೇ ಬರುತ್ತೆ, ಪಾಮ್ ಆಯಿಲ್ ಇಂಡೋನೇಷ್ಯಾ ಮಲೇಷ್ಯಾದ್ದು, ಪೊಟ್ಯಾಷ್ ಗೊಬ್ಬರಾನೂ ಹೊರಗಿನದ್ದೇ.

ರಿಸರ್ವ್ ಬ್ಯಾಂಕ್ ಕಡೆ ಒಂದು ಕಣ್ಣಿರ್ಲಿ. 1991ರ ಜುಲೈಲಿ ಮೂರೇ ದಿನದಲ್ಲಿ ಎರಡು ಸಲ ರೂಪಾಯಿ ಬೆಲೆ ಇಳಿಸಿದ್ರಲ್ಲ, ಆ ಥರ ಈಗ ಇಲ್ಲ, 1993ರಿಂದ ರೇಟ್ ಮಾರ್ಕೆಟ್‌ದು, ಬ್ಯಾಂಕ್ ತನ್ನತ್ರ ಇರೋ ಡಾಲರ್ ಮಾರಿ ಬೀಳೋ ಸ್ಪೀಡ್ ಕಮ್ಮಿ ಮಾಡುತ್ತೆ ಅಷ್ಟೇ. ಪ್ರತಿ ಶುಕ್ರವಾರ ವಿದೇಶಿ ವಿನಿಮಯ ಸಂಗ್ರಹದ ಲೆಕ್ಕ ಹೊರಗೆ ಬರುತ್ತೆ, ವಾರಗಟ್ಟಲೆ ಅದು ಕರಗ್ತಾ ಇದ್ದು ಡಾಲರ್ ರೇಟ್ ಮಾತ್ರ ಅಲ್ಲೇ ನಿಂತಿದ್ರೆ ರಿಸರ್ವ್ ಬ್ಯಾಂಕೇ ಅದನ್ನ ಹಿಡ್ಕೊಂಡಿದೆ ಅಂತ ಅನುಮಾನ ಪಡಬಹುದು.

ಕೊನೇದು, ವರ್ಷದ ಬಾಡಿಗೆ ಅಗ್ರಿಮೆಂಟ್ ಮಾಡ್ಕೊಳ್ಳೋರಿಗೆ. 2017ರಿಂದ ಡೀಸೆಲ್ ರೇಟ್ ದಿನಾ ಬದಲಾಗ್ಬೇಕು ಅಂತ ಇದ್ರೂ ಬಂಕಲ್ಲಿ ತಿಂಗಳುಗಟ್ಟಲೆ ಒಂದೇ ರೇಟ್ ನಿಂತಿರೋದನ್ನ ನೋಡಿದೀವಿ, ಹಂಗಾಗಿ ಅಗ್ರಿಮೆಂಟಲ್ಲಿ ಡಾಲರ್ ಅಂತ ಬರೀಬೇಡಿ. ಸಹಿ ಹಾಕಿದ ದಿನದ ಬಂಕ್ ರೇಟ್ ಬರೀರಿ, ಒಂದು ಟ್ರಿಪ್‌ಗೆ ಎಷ್ಟು ಲೀಟರ್ ಅಂತ ಬರೀರಿ, ರೇಟ್ ಏರಿದ್ರೂ ಇಳಿದ್ರೂ ಆ ಲೀಟರಿನ ವ್ಯತ್ಯಾಸ ಮಾತ್ರ ಕೊಡೋದು.