ಹಳೆ ಕಾರು ಸ್ಕ್ರ್ಯಾಪ್‌ಗೆ ಕೊಟ್ಟು ಹೊಸದು ಕೊಳ್ಳುವಾಗ: ಮುಂಬೈ, ಪುಣೆ ಕನ್ನಡಿಗರಿಗೆ

ಶೋರೂಮಿನಲ್ಲಿ ಎಕ್ಸ್‌ಚೇಂಜ್, ಸ್ಕ್ರ್ಯಾಪೇಜ್ ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿಬಿಡುತ್ತಾರೆ. ಎರಡೂ ಬೇರೆ ಬೇರೆ. ಎಕ್ಸ್‌ಚೇಂಜ್‌ನಲ್ಲಿ ಡೀಲರ್ ನಿಮ್ಮ ಕಾರನ್ನು ಕೊಂಡು ಇನ್ನೊಬ್ಬರಿಗೆ ಮಾರುತ್ತಾರೆ. ಸ್ಕ್ರ್ಯಾಪೇಜ್‌ನಲ್ಲಿ ಕಾರು ಸರ್ಕಾರಿ ನೋಂದಣಿ ಇರುವ ಸ್ಕ್ರ್ಯಾಪಿಂಗ್ ಕೇಂದ್ರಕ್ಕೆ ಹೋಗುತ್ತದೆ, ನಿಮ್ಮ ಹೆಸರಿಗೆ ‘ಸರ್ಟಿಫಿಕೇಟ್ ಆಫ್ ಡೆಪಾಸಿಟ್’ ಬರುತ್ತದೆ. ಇವಕ್ಕೆ ಕಂಪನಿ ಕೊಡುವ ಎರಡೂ ಬೋನಸ್ ಸಾಮಾನ್ಯವಾಗಿ ಒಟ್ಟಿಗೆ ಸಿಗುವುದಿಲ್ಲ. ಚೆನ್ನಾಗಿ ಓಡುವ ಹತ್ತು ವರ್ಷದ ಕಾರನ್ನು ದಯವಿಟ್ಟು ಸ್ಕ್ರ್ಯಾಪ್‌ಗೆ ಹಾಕಬೇಡಿ, ಮಾರಿದರೇ ಹೆಚ್ಚು ಹಣ. 15 ವರ್ಷ ದಾಟಿದ ಕಾರಿನ ಲೆಕ್ಕ ಬೇರೆ: ಆರ್‌ಸಿ ನವೀಕರಣಕ್ಕೇ ಕನಿಷ್ಠ 5,000 ರೂಪಾಯಿ, ಮೇಲೆ ಪರಿಸರ ತೆರಿಗೆ, ತಪಾಸಣೆಗೆ ಮುಂಚಿನ ರಿಪೇರಿ.

ಮಾತುಕತೆ ಶುರುಮಾಡುವಾಗ ಹಳೆ ಕಾರಿನ ಸುದ್ದಿಯನ್ನೇ ಎತ್ತಬೇಡಿ. ಹೊಸ ಕಾರಿನ ಆನ್‌ರೋಡ್ ದರ, ನಗದು ರಿಯಾಯಿತಿ ಬರೆಸಿಕೊಂಡ ಮೇಲೆ ಹೇಳಿ. ಇಲ್ಲವಾದರೆ ಹಳೆ ಕಾರಿಗೆ 15,000 ಹೆಚ್ಚು ಕೊಟ್ಟಂತೆ ಮಾಡಿ, ಅಷ್ಟನ್ನೇ ರಿಯಾಯಿತಿಯಲ್ಲಿ ಕಳೆದಿರುತ್ತಾರೆ. ಹಳೆ ಕಾರಿನ ಬೆಲೆ, ಕಂಪನಿಯ ಬೋನಸ್, ಡೀಲರ್ ಬಿಡುವ ಹಣ, ಮೂರೂ ಬೇರೆ ಸಾಲಿನಲ್ಲಿರಲಿ. 2024ರ ಆಗಸ್ಟ್‌ನಲ್ಲಿ ಹಲವು ಕಂಪನಿಗಳು ಒಪ್ಪಿದ ಸ್ಕ್ರ್ಯಾಪ್ ರಿಯಾಯಿತಿ ಎಕ್ಸ್‌ಶೋರೂಮ್ ಬೆಲೆಯ ಶೇ 1.5 ಅಥವಾ 20,000 ರೂಪಾಯಿ, ಯಾವುದು ಕಡಿಮೆಯೋ ಅದಾಗಿತ್ತು. ಕೊಡುಗೆ ತಿಂಗಳು ತಿಂಗಳಿಗೆ ಬದಲಾಗುತ್ತದೆ, ಈ ತಿಂಗಳ ಸುತ್ತೋಲೆ ತೋರಿಸಿ ಎಂದು ಕೇಳಿ.

ಸ್ಕ್ರ್ಯಾಪ್‌ನ ಇನ್ನೊಂದು ಲಾಭ ಇರುವುದು ಹೊಸ ಕಾರಿನ ರಸ್ತೆ ತೆರಿಗೆಯಲ್ಲಿ. ಆ ಸರ್ಟಿಫಿಕೇಟ್ ಇದ್ದರೆ ಖಾಸಗಿ ವಾಹನಕ್ಕೆ ಶೇ 25ರವರೆಗೆ ಬಿಡಬಹುದೆಂದು ಕೇಂದ್ರದ ನಿಯಮ, ಎಷ್ಟೆಂಬುದು ರಾಜ್ಯದ ತೀರ್ಮಾನ. ಮಹಾರಾಷ್ಟ್ರದಲ್ಲಿ 8 ಲಕ್ಷದ ಪೆಟ್ರೋಲ್ ಕಾರಿಗೆ ಶೇ 11ರಂತೆ 88,000 ತೆರಿಗೆ, ಅದರಲ್ಲಿ ಶೇ 10 ಬಿಟ್ಟರೂ 8,800 ಉಳಿಯಿತು. ಹೊಸ ಕಾರಿನ ನೋಂದಣಿ ಶುಲ್ಕವೂ ಮಾಫಿ. ಆದರೆ ತೆರಿಗೆ ಕಟ್ಟುವ ಮೊದಲೇ ಸರ್ಟಿಫಿಕೇಟಿನ ನಂಬರ್ ಸಾರಿಗೆ ಇಲಾಖೆಯ ವಾಹನ್ ಪೋರ್ಟಲ್‌ಗೆ ಏರಿರಬೇಕು. ಕಟ್ಟಿದ ಮೇಲೆ ತೋರಿಸಿದರೆ ಹಣ ವಾಪಸ್ ತರುವುದು ಕಷ್ಟ. ಸರ್ಟಿಫಿಕೇಟ್ ಅಪ್ಪನ ಹೆಸರಿನಲ್ಲಿ, ಹೊಸ ಕಾರು ಮಗನ ಹೆಸರಿನಲ್ಲಿ ಆಗುವುದಾದರೆ ಮೊದಲು ಅದನ್ನು ಆನ್‌ಲೈನ್‌ನಲ್ಲಿ ಮಗನಿಗೆ ವರ್ಗಾಯಿಸಿ.

ಕುರ್ಲಾದ ಗುಜರಿಯಲ್ಲಿ ನಾಲ್ಕು ಕಾಸು ಹೆಚ್ಚು ಸಿಗಬಹುದು, ಈ ಸರ್ಟಿಫಿಕೇಟ್ ಮಾತ್ರ ಸಿಗದು. ಮಂಗಳೂರು, ಉಡುಪಿಯ ಕೆಎ 19, ಕೆಎ 20 ನಂಬರಿನ ಕಾರನ್ನು ಊರಿಗೆ ಒಯ್ಯಬೇಕಿಲ್ಲ, ಯಾವ ರಾಜ್ಯದ ನೋಂದಣಿಯಾದರೂ ಇಲ್ಲಿಯ ಕೇಂದ್ರ ತೆಗೆದುಕೊಳ್ಳುತ್ತದೆ. ಹೊರರಾಜ್ಯದ ಕಾರಿಗೂ ಇಲ್ಲಿ ತೆರಿಗೆ ರಿಯಾಯಿತಿ ಅನ್ವಯಿಸುವುದೇ ಎಂದು ಮಾತ್ರ ಆರ್‌ಟಿಒದಲ್ಲಿ ಮೊದಲೇ ಕೇಳಿಕೊಳ್ಳಿ.

ಕೆಲಸ ನಿಲ್ಲುವುದು ಹೆಚ್ಚಾಗಿ ಬಾಕಿಗಳಿಂದ. ಸಾಲ ಎಂದೋ ತೀರಿದ್ದರೂ ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ಉಳಿದಿರುತ್ತದೆ. ಬ್ಯಾಂಕಿನ ಎನ್‌ಒಸಿ (ಆಕ್ಷೇಪಣೆ ಇಲ್ಲವೆಂಬ ಪತ್ರ) ಮತ್ತು ಫಾರ್ಮ್ 35 ಕೊಟ್ಟು ತೆಗೆಸಿ. ಇ-ಚಲನ್ ಎರಡೂ ರಾಜ್ಯಗಳಲ್ಲಿ ನೋಡಿ ಕಟ್ಟಿ. ಚಾಸಿ ನಂಬರ್ ತುಕ್ಕು ಹಿಡಿದು ಓದಲು ಬಾರದಿದ್ದರೆ ಕೇಂದ್ರಕ್ಕೆ ಮೊದಲೇ ತಿಳಿಸಿ. ಬೆಲೆ ಹೆಚ್ಚಾಗಿ ತೂಕದ ಮೇಲೆ. ಬ್ಯಾಟರಿ, ಸೈಲೆನ್ಸರ್‌ನ ಕ್ಯಾಟಲಿಟಿಕ್ ಕನ್ವರ್ಟರ್ ಬಿಚ್ಚಿಟ್ಟುಕೊಂಡರೆ ಅದಕ್ಕೂ ಕಡಿತ. ಟೋಯಿಂಗ್ ಖರ್ಚು ಯಾರದೆಂದು ಮೊದಲೇ ಮಾತಾಡಿ.

ಎಕ್ಸ್‌ಚೇಂಜೇ ಆರಿಸಿದರೆ ಮಾಲೀಕತ್ವ ವರ್ಗಾವಣೆಯ ಖಾಲಿ ಫಾರ್ಮ್ 29, 30ಕ್ಕೆ ಸಹಿ ಹಾಕಿ ಬರಬೇಡಿ. ಕಾರು ಕೈಬದಲಾಗಿ ಅಪಘಾತವಾದರೆ ಆರ್‌ಸಿಯಲ್ಲಿ ಹೆಸರಿರುವವರೇ ಹೊಣೆ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ. ಅಧಿಕೃತ ಡೀಲರ್ ಆದರೆ ಫಾರ್ಮ್ 29ಸಿ ಮೂಲಕ ಪೋರ್ಟಲ್‌ನಲ್ಲಿ ಕಾರು ಅವರ ಕೈಸೇರಿದ್ದು ದಾಖಲಾಗಲಿ, ಆಮೇಲಿನ ಜವಾಬ್ದಾರಿ ಅವರದು.

ಕಾರು ಹೋದ ದಿನವೇ ಫಾಸ್ಟ್ಯಾಗ್ ಮುಚ್ಚಿಸಿ. ವಿಮಾ ಕಂಪನಿಯಿಂದ ನೋ ಕ್ಲೇಮ್ ಬೋನಸ್ ಪತ್ರ ಕೇಳಿ ಪಡೆಯಿರಿ. ಈ ಬೋನಸ್ ಕಾರಿನದಲ್ಲ, ನಿಮ್ಮದು. ಐದು ವರ್ಷ ಕ್ಲೇಮ್ ಮಾಡದಿದ್ದರೆ ಹೊಸ ಕಾರಿನ ಓನ್ ಡ್ಯಾಮೇಜ್ (ಸ್ವಂತ ಕಾರಿನ ಹಾನಿಯ) ಪ್ರೀಮಿಯಂನಲ್ಲಿ ಶೇ 50 ಇಳಿಯುತ್ತದೆ, ಶೋರೂಮಿನವರು ವಿಮೆ ಮಾಡಿಸುವ ಮುಂಚೆಯೇ ಆ ಪತ್ರ ಅವರ ಕೈಗೆ ಕೊಡಿ.